ಪದೇಪದೇ ಉಳುಕುವ ಕಾಲಿಗೆ ಟೇಪು ಅಂಟಿಸುವುದು ಹೇಗೆ?

ಮಳೆ ಬಿದ್ದ ಮರುದಿನ ಹಾಸುಗಲ್ಲು ಹೇಗೆ ಜಾರುತ್ತದೆ ಅಂತ ಬೆಳಿಗ್ಗೆ ದುರ್ಗದ ಕೋಟೆ ಹತ್ತುವವರಿಗೆ ಗೊತ್ತು. ಎರಡು ವರ್ಷದ ಹಿಂದೆ ಅಲ್ಲಿಂದ ಇಳಿಯುವಾಗ ನನ್ನ ಬಲಪಾದ ಒಳಕ್ಕೆ ಮಡಚಿಕೊಂಡಿತು. ಊತವೇನೋ ಇಳಿಯಿತು. ಆದರೆ ಆಮೇಲೆ ಸಮನೆಲದಲ್ಲೂ ಅದೇ ಕಾಲು ಹೊರಳತೊಡಗಿತು.

ಪಾದದ ಹೊರಗಿನ ಗಿಣ್ಣಿನ ಹತ್ತಿರ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟುಗಳಿವೆ. ಕಾಲು ಉಳುಕಿದಾಗ ಪೆಟ್ಟು ಬೀಳುವುದು ಹೆಚ್ಚಾಗಿ ಇವಕ್ಕೇ. ಕಾಲು ಎತ್ತ ವಾಲುತ್ತಿದೆ ಎಂದು ಮಿದುಳಿಗೆ ತಿಳಿಸುವ ನರದ ತುದಿಗಳೂ ಇಲ್ಲೇ ಇರುತ್ತವೆ. ಆ ಸುದ್ದಿ ತಡವಾದರೆ ಸ್ನಾಯು ಎಚ್ಚರಗೊಳ್ಳುವ ಮೊದಲೇ ಕಾಲು ಹೊರಳಿರುತ್ತದೆ.

ಇಲ್ಲಿ ಹೇಳುತ್ತಿರುವುದು ಕಿನೀಸಿಯಾಲಜಿ ಟೇಪು ಎಂಬ, ಹಿಗ್ಗುವ ಬಣ್ಣಬಣ್ಣದ ಟೇಪಿನ ಬಗ್ಗೆ. ಇದನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಮೈಮೇಲೆ ಕಂಡ ಮೇಲೆ ಇದು ಎಲ್ಲೆಡೆ ಹೆಸರಾಯಿತು. ಬಿಗಿಯಾದ ಬಿಳಿ ಟೇಪಿನಂತೆ ಇದು ಕಾಲನ್ನು ಕಟ್ಟಿಹಾಕುವುದಿಲ್ಲ. ಚರ್ಮವನ್ನು ಮೆಲ್ಲಗೆ ಎಳೆದು, ಕಾಲಿನ ಕಡೆ ಗಮನ ಇರುವಂತೆ ಮಾಡುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಅಂಟಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಬರಿಗಾಲಲ್ಲಿ, ಗೋಡೆಯ ಪಕ್ಕದಲ್ಲಿ, ನೋವಿರುವ ಕಾಲಿನ ಮೇಲೆ ಮಾತ್ರ ನಿಲ್ಲಿ. ಕೈ ಸೊಂಟದ ಮೇಲಿರಲಿ. ಇನ್ನೊಂದು ಕಾಲು ನೆಲ ಮುಟ್ಟುವವರೆಗೆ ಎಷ್ಟು ಸೆಕೆಂಡ್ ಅಂತ ಯಾರಾದರೂ ಎಣಿಸಲಿ. ಮೂರು ಸಲ ಮಾಡಿ, ಬರೆದಿಡಿ. ಒಳ್ಳೆಯ ಕಾಲಿನ ಲೆಕ್ಕವನ್ನೂ ಬರೆಯಿರಿ. ಈ ಸಂಖ್ಯೆ ಇಲ್ಲದೆ ಟೇಪು ಕೆಲಸ ಮಾಡಿತೋ ಇಲ್ಲವೋ ಹೇಗೆ ಗೊತ್ತಾಗಬೇಕು, ಅಲ್ವಾ?

ಈಗ ಟೇಪು. ಕಾಲನ್ನು ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ. ಎಣ್ಣೆ, ಕ್ರೀಮು ಇದ್ದರೆ ಅಂಟು ಹಿಡಿಯುವುದಿಲ್ಲ. ಗಾಯ, ತುರಿಕೆ ಇರುವ ಕಡೆ ಹಚ್ಚಲೇಬೇಡಿ. ಕತ್ತರಿಸಿದ ಮೂಲೆಗಳನ್ನು ಗುಂಡಗೆ ಮಾಡಿ, ಇಲ್ಲದಿದ್ದರೆ ಕಾಲುಚೀಲಕ್ಕೆ ಸಿಕ್ಕಿ ಏಳುತ್ತವೆ. ಕುರ್ಚಿಯಲ್ಲಿ ಕೂತು, ಬೆರಳು ಮೇಲಕ್ಕೆ ಬರುವಂತೆ ಪಾದವನ್ನು ನೇರ ಹಿಡಿಯಿರಿ.

ಮೊದಲ ಪಟ್ಟಿ ಒಳಗಿನ ಗಿಣ್ಣಿಗಿಂತ ನಾಲ್ಕು ಬೆರಳು ಮೇಲೆ ಶುರುವಾಗಲಿ. ಹಿಮ್ಮಡಿಯ ಕೆಳಗೆ ಹಾಯ್ದು, ಹೊರಗಿನ ಗಿಣ್ಣನ್ನು ಮುಚ್ಚಿ, ಮೇಲಕ್ಕೆ ಹೋಗಲಿ. ಹಿಮ್ಮಡಿ ದಾಟುವಾಗ ಟೇಪು ಎಷ್ಟು ಹಿಗ್ಗುತ್ತದೋ ಅದರ ಅರ್ಧದಷ್ಟು ಎಳೆಯಿರಿ. ಎರಡೂ ತುದಿಯ ಎರಡೆರಡು ಬೆರಳಿನಷ್ಟು ಭಾಗವನ್ನು ಮಾತ್ರ ಸ್ವಲ್ಪವೂ ಎಳೆಯದೆ ಸುಮ್ನೆ ಕೂರಿಸಿ. ತುದಿ ಎಳೆದರೆ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ, ನನಗೆ ಮೊದಲ ಸಲ ಆಗಿದ್ದು ಅದೇ. ಎರಡನೇ ಪಟ್ಟಿಯ ನಡುಭಾಗವನ್ನು ಹಿಮ್ಮಡಿಯ ಹಿಂದೆ ಇಟ್ಟು, ಎರಡೂ ತುದಿಗಳನ್ನು ಪಾದದ ಮೇಲಕ್ಕೆ ತನ್ನಿ. ಅವು ಒಂದರ ಮೇಲೊಂದು ಬಿದ್ದು ಬಿಗಿಯುವುದು ಬೇಡ. ಕೊನೆಗೆ ಅಂಗೈಯಿಂದ ಉಜ್ಜಿ. ಬಿಸಿಗೆ ಅಂಟು ಕೂರುತ್ತದೆ. ಬೆರಳು ಜೋಮು ಹಿಡಿದರೆ, ತಣ್ಣಗಾದರೆ ಕೂಡಲೇ ತೆಗೆಯಿರಿ.

ಅರ್ಧ ಗಂಟೆ ಬಿಟ್ಟು ಮತ್ತೆ ಒಂಟಿ ಕಾಲಲ್ಲಿ ನಿಲ್ಲಿ.

ಇಲ್ಲಿ ನಿಜ ಹೇಳಬೇಕು. ಟೇಪಿನ ಬಗ್ಗೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವರಲ್ಲಿ ಸಮತೋಲನ ಸ್ವಲ್ಪ ಸುಧಾರಿಸಿದೆ. ಎಳೆಯದೆ ಹಾಗೇ ಅಂಟಿಸಿದ ಟೇಪಿಗೂ ಇದಕ್ಕೂ ವ್ಯತ್ಯಾಸವೇ ಕಾಣದ ಅಧ್ಯಯನಗಳೂ ಇವೆ. ಸಮತೋಲನದ ವ್ಯಾಯಾಮಕ್ಕೆ ಇರುವ ಆಧಾರ ಇದಕ್ಕಿಂತ ಜಾಸ್ತಿ ಗಟ್ಟಿ. ಹಾಗಾಗಿ ಟೇಪು ಇದ್ದರೂ ಇಲ್ಲದಿದ್ದರೂ ಮೊದಲು ನೆಲದ ಮೇಲೆ, ಆಮೇಲೆ ಮಡಿಸಿದ ಕಂಬಳಿಯ ಮೇಲೆ, ಆಮೇಲೆ ಕಣ್ಣು ಮುಚ್ಚಿ, ದಿನಾ ಹತ್ತು ನಿಮಿಷ ಒಂಟಿ ಕಾಲಲ್ಲಿ ನಿಲ್ಲಿ.

ಹೊಸದಾಗಿ ಉಳುಕಿದ್ದರೆ ಇದ್ಯಾವುದೂ ಬೇಡ. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಗಿಣ್ಣಿನ ಮೂಳೆ ಮುಟ್ಟಿದರೇ ನೋವಾದರೆ, ಡಾಕ್ಟರ ಹತ್ತಿರ ಹೋಗಿ ಎಕ್ಸ್‌ರೇ ತೆಗೆಸಿ.

ಟೇಪು ಮೂರರಿಂದ ಐದು ದಿನ ಇರುತ್ತದೆ. ತೆಗೆಯುವಾಗ ಕೊಬ್ಬರಿ ಎಣ್ಣೆ ಹಚ್ಚಿ ನೆನೆಯಲು ಬಿಡಿ. ಆಮೇಲೆ ಕೂದಲು ಬೆಳೆದ ದಿಕ್ಕಿಗೆ, ಇನ್ನೊಂದು ಕೈಯಿಂದ ಚರ್ಮ ಒತ್ತಿ ಹಿಡಿದು, ನಿಧಾನಕ್ಕೆ ಸುಲಿಯಿರಿ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ನನ್ನ ಬಲಗಾಲಿನ ಮೊದಲ ಲೆಕ್ಕ 8 ಸೆಕೆಂಡ್. ಎರಡು ತಿಂಗಳ ವ್ಯಾಯಾಮದ ನಂತರ, ಟೇಪಿಲ್ಲದೆ, 31.