ವಸತಿರಹಿತರ ಸೇವೆಗಳಿಗೆ ಸಮುದಾಯ ಸಲಹಾ ಸಮಿತಿ: ಸಲಹೆ ಕಡತದಲ್ಲೇ ಉಳಿಯದಂತೆ ನಡೆಸುವ ಬಗೆ

ವಸತಿರಹಿತರಿಗೆ ಆಶ್ರಯ ಕೇಂದ್ರ, ಬಾಡಿಗೆ ನೆರವು, ಆರೋಗ್ಯ ಸೇವೆ ಮುಂತಾದವನ್ನು ಒದಗಿಸುವವರು ಸ್ಥಳೀಯರ ಸಲಹಾ ಸಮಿತಿಯೊಂದನ್ನು ರಚಿಸಿಕೊಳ್ಳುವುದು ಹಲವು ದೇಶಗಳಲ್ಲಿ ರೂಢಿಯಾಗಿದೆ; ಕೆಲವೆಡೆ ಅನುದಾನದ ಷರತ್ತೇ ಅದು. ಕೆನಡಾದಲ್ಲಿ 2019ರಲ್ಲಿ ಆರಂಭವಾದ, ವಸತಿರಹಿತತೆ ತಗ್ಗಿಸುವ ಕೇಂದ್ರ ಸರ್ಕಾರದ ‘ರೀಚಿಂಗ್ ಹೋಮ್’ ಕಾರ್ಯಕ್ರಮದಡಿ, ಯಾವ ಯೋಜನೆಗಳಿಗೆ ಹಣ ಕೊಡಬೇಕೆಂಬ ಬಗ್ಗೆ ಸಮುದಾಯ ಸಲಹಾ ಮಂಡಳಿಗಳು ಶಿಫಾರಸು ಮಾಡುತ್ತವೆ. ಅಮೆರಿಕದಲ್ಲಿ ಒಂದು ಪ್ರದೇಶದ ವಸತಿರಹಿತರ ಸೇವೆಗಳನ್ನು ಒಟ್ಟಾಗಿ ಯೋಜಿಸುವ ‘ಕಂಟಿನ್ಯೂಮ್ ಆಫ್ ಕೇರ್’ ವ್ಯವಸ್ಥೆಯ ಮಂಡಳಿಯಲ್ಲಿ ವಸತಿರಹಿತರು ಅಥವಾ ಹಿಂದೆ ಆ ಸ್ಥಿತಿಯಲ್ಲಿದ್ದವರು ಕನಿಷ್ಠ ಒಬ್ಬರಾದರೂ ಇರಬೇಕೆಂಬ ನಿಯಮವಿದೆ. ಆದರೆ ಸಮಿತಿ ಕಾಗದದ ಮೇಲೆ ಇದ್ದ ಮಾತ್ರಕ್ಕೆ ಸೇವೆ ಬದಲಾಗುವುದಿಲ್ಲ. ಸಲಹೆಯನ್ನು ನಿರ್ಧಾರಕ್ಕೆ ಮುಂಚೆ ಕೇಳಲಾಯಿತೇ, ಕೊಟ್ಟ ಸಲಹೆಗೆ ಲಿಖಿತ ಉತ್ತರ ಬಂದಿತೇ ಎಂಬ ಎರಡು ಸಂಗತಿಗಳ ಮೇಲೆಯೇ ಸಮಿತಿಯ ಪರಿಣಾಮ ಬಹುಪಾಲು ನಿಂತಿದೆ.

ಸಮಿತಿಯನ್ನು ರಚಿಸುವ ಮೊದಲೇ ಅದರ ಅಧಿಕಾರದ ಎಲ್ಲೆಯನ್ನು ಒಂದೆರಡು ಪುಟಗಳಲ್ಲಿ ಬರೆದಿಡಬೇಕು. ಯಾವ ವಿಷಯದಲ್ಲಿ ಸಮಿತಿಯ ಒಪ್ಪಿಗೆಯಿಲ್ಲದೆ ಸಂಸ್ಥೆ ಮುಂದುವರಿಯುವಂತಿಲ್ಲ, ಯಾವುದರಲ್ಲಿ ಅಭಿಪ್ರಾಯ ಪಡೆದು ತನ್ನ ವಿವೇಚನೆಯಂತೆ ನಿರ್ಧರಿಸಬಹುದು, ಯಾವುದನ್ನು ತಿಳಿಸಿದರಷ್ಟೇ ಸಾಕು ಎಂಬುದನ್ನು ಬೇರ್ಪಡಿಸದಿದ್ದರೆ ಎರಡನೆಯ ಸಭೆಯ ಹೊತ್ತಿಗೇ ಜಟಾಪಟಿ ಶುರುವಾಗುತ್ತದೆ. ಆಶ್ರಯ ಕೇಂದ್ರದ ಒಳನಿಯಮಗಳನ್ನು ಮೊದಲ ಗುಂಪಿಗೂ ವಾರ್ಷಿಕ ಬಜೆಟ್ಟಿನ ಆದ್ಯತೆಗಳನ್ನು ಎರಡನೆಯದಕ್ಕೂ ಸೇರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಿಬ್ಬಂದಿಯ ಮೇಲಿನ ಶಿಸ್ತುಕ್ರಮ ಹಾಗೂ ಯಾರೋ ಒಬ್ಬರ ವೈಯಕ್ತಿಕ ಪ್ರಕರಣ ಸಮಿತಿಯ ಮುಂದೆ ಬರಲೇಬಾರದು.

ಸದಸ್ಯರ ಆಯ್ಕೆ

ಸೇವಾ ಸಂಸ್ಥೆಗಳು, ಆರೋಗ್ಯ ಇಲಾಖೆ, ಪೊಲೀಸರು, ಮನೆ ಮಾಲೀಕರು, ನೆರೆಹೊರೆಯ ನಿವಾಸಿಗಳು ಇವರ ಪ್ರತಿನಿಧಿಗಳು ಹೇಗೂ ಸಿಗುತ್ತಾರೆ. ಕಷ್ಟವಿರುವುದು ಮನೆಯಿಲ್ಲದೆ ಬದುಕಿದವರನ್ನು ಕರೆತಂದು ಉಳಿಸಿಕೊಳ್ಳುವುದರಲ್ಲಿ. ಬೀದಿಯಲ್ಲಿ ಮಲಗಿದವರ ಅನುಭವ ಬೇರೆ, ಸಂಬಂಧಿಕರ ಮನೆಯಿಂದ ಮನೆಗೆ ಅಲೆದವರದು ಬೇರೆ, ಹಿಂಸೆ ತಾಳಲಾರದೆ ಮಕ್ಕಳೊಂದಿಗೆ ಹೊರಬಿದ್ದ ಮಹಿಳೆಯದು ಇನ್ನೂ ಬೇರೆ. ಆದ್ದರಿಂದ ಒಬ್ಬರನ್ನು ಕೂರಿಸಿ ಎಲ್ಲರ ಪರವಾಗಿ ಮಾತಾಡಿ ಎನ್ನುವುದು ಅನ್ಯಾಯ. ಕನಿಷ್ಠ ಮೂರು ಸ್ಥಾನಗಳನ್ನು ಇವರಿಗೆ ಮೀಸಲಿಡಬೇಕು.

ಸಂಬಳ ಸಿಗುವ ಕೆಲಸದ ಹೊತ್ತಿನಲ್ಲೇ ಸಭೆಗೆ ಬರುವ ಅಧಿಕಾರಿಯ ಪಕ್ಕದಲ್ಲಿ ದಿನಗೂಲಿ ಬಿಟ್ಟು ಬಂದವರು ಕುಳಿತಿರುತ್ತಾರೆಂಬುದನ್ನು ಮರೆಯುವಂತಿಲ್ಲ. ಅವರಿಗೆ ಗೌರವಧನವನ್ನೂ ಪ್ರಯಾಣದ ವೆಚ್ಚವನ್ನೂ ಅದೇ ದಿನ, ಬ್ಯಾಂಕ್ ಖಾತೆ ಇಲ್ಲದವರಿಗೂ ತಲುಪುವ ರೀತಿಯಲ್ಲಿ ಕೊಡಬೇಕು. ಗೌರವಧನ ಪಡೆದ ಕಾರಣಕ್ಕೆ ಅವರಿಗೆ ಬರುತ್ತಿರುವ ಸರ್ಕಾರಿ ನೆರವು ಕಡಿತವಾಗುವುದೇ ಎಂಬುದನ್ನು ಮೊದಲೇ ವಿಚಾರಿಸಿ ತಿಳಿಸಬೇಕು. ಸಭೆಗೆ ಮುನ್ನ ಒಬ್ಬ ಸಿಬ್ಬಂದಿ ಅವರೊಂದಿಗೆ ಕುಳಿತು ಕಾರ್ಯಸೂಚಿಯನ್ನು ಓದಿ ವಿವರಿಸಿದರೆ ಚರ್ಚೆಯ ಮಟ್ಟವೇ ಏರುತ್ತದೆ. ಪ್ರತಿ ಸಭೆಯಲ್ಲೂ ಅವರ ಕಷ್ಟದ ಕಥೆ ಕೇಳುವ ಅಭ್ಯಾಸವನ್ನು ಮಾತ್ರ ಕೈಬಿಡಬೇಕು; ಬೇರೆ ಸದಸ್ಯರ ಮನೆ ಸಾಲದ ಕಥೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲವಲ್ಲ.

ಸಭೆಯ ಮುಂದೆ ಏನಿಡಬೇಕು

ಬಜೆಟ್ ಅಂತಿಮಗೊಳ್ಳುವ ದಿನದಿಂದ ಹಿಂದಕ್ಕೆ ಎಣಿಸಿ ಸಭೆಗಳ ದಿನಾಂಕ ಗೊತ್ತುಮಾಡಬೇಕು. ಆದ್ಯತೆಗಳ ಚರ್ಚೆ ಕರಡು ಬಜೆಟ್ ಸಿದ್ಧವಾಗುವ ಮುನ್ನವೇ ನಡೆಯಬೇಕು. ಅಂಕಿಗಳು ಭರ್ತಿಯಾದ ಮೇಲೆ ಕೇಳುವ ಅಭಿಪ್ರಾಯ ಬರೀ ರುಜು ಹಾಕಿಸಿಕೊಳ್ಳುವ ಶಾಸ್ತ್ರ.

ಎಷ್ಟು ಜನ ತಂಗಿದರು, ಎಷ್ಟು ಊಟ ಬಡಿಸಲಾಯಿತು ಎಂಬ ಲೆಕ್ಕದಿಂದ ಸಮಿತಿಗೆ ದಾರಿ ಕಾಣುವುದಿಲ್ಲ. ಒಳಗೆ ಬಂದವರ ಪಟ್ಟಿಗಿಂತ ವಾಪಸು ಕಳುಹಿಸಿದವರ ನೋಂದಣಿ ಪುಸ್ತಕ ಹೆಚ್ಚು ಮಾತಾಡುತ್ತದೆ. ಅದರಲ್ಲಿ ದಿನಾಂಕದ ಪಕ್ಕ ‘ಹಾಸಿಗೆ ಖಾಲಿ ಇಲ್ಲ’, ‘ಗುರುತಿನ ಚೀಟಿ ಇಲ್ಲ’, ‘ತಡವಾಗಿ ಬಂದರು’, ‘ಜೊತೆಯಲ್ಲಿ ನಾಯಿ ಇತ್ತು’, ‘ದಂಪತಿ, ಬೇರೆ ಬೇರೆ ಮಲಗಲು ಒಪ್ಪಲಿಲ್ಲ’ ಎಂಬ ಕಾರಣಗಳಿರುತ್ತವೆ. ಮೊದಲನೆಯದಕ್ಕೆ ಹಣ ಬೇಕು. ಉಳಿದವುಗಳಲ್ಲಿ ಹಲವು ನಿಯಮವನ್ನು ತಿದ್ದಿದರೆ ಬಗೆಹರಿಯುವಂಥವು. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವ ಕೇಂದ್ರವು ಹತ್ತಕ್ಕೆ ಪಾತ್ರೆ ತೊಳೆದು ಮುಗಿಸುವ ಹೋಟೆಲ್ ಕೆಲಸಗಾರನಿಗೆ ‘ಕೆಲಸ ಬಿಡು, ಇಲ್ಲವೇ ಬೀದಿಯಲ್ಲಿ ಮಲಗು’ ಎಂದು ಹೇಳಿದಂತೆಯೇ ಆಗುತ್ತದೆ ಎಂಬುದು, ಅಲ್ಲಿ ಮಲಗಿ ಎದ್ದ ಸದಸ್ಯರಿಗೆ ಹೊಳೆದಷ್ಟು ಬೇಗ ಕಚೇರಿಯಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ.

ಇದರ ಜೊತೆಗೆ, ಮನೆ ದೊರೆತವರಲ್ಲಿ ಎಷ್ಟು ಮಂದಿ ಆರು ತಿಂಗಳೊಳಗೆ ಮತ್ತೆ ಕೇಂದ್ರಕ್ಕೆ ಮರಳಿದರು, ಏಕೆ ಮರಳಿದರು ಎಂಬ ಮಾಹಿತಿಯನ್ನೂ ಕೇಳಿ ಪಡೆಯಬೇಕು. ಅಂಕಿಅಂಶ ಹಂಚುವಾಗ ಹೆಸರು ತೆಗೆದರೆ ಸಾಲದು; ಚಿಕ್ಕ ಊರಿನಲ್ಲಿ ‘ಮೂರು ಮಕ್ಕಳ ತಾಯಿ, ಒಂದು ಪ್ರಕರಣ’ ಎಂದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ.

ಸಲಹೆಗೆ ಉತ್ತರ

ಪ್ರತಿ ಸಲಹೆಯನ್ನೂ ನಡಾವಳಿಯಲ್ಲಿ ಪ್ರತ್ಯೇಕವಾಗಿ ದಾಖಲಿಸಿ, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿಯನ್ನೇ (ಹಿಂದಿನ ಸಲಹೆಗಳ ಮೇಲೆ ಏನು ಕ್ರಮ ಕೈಗೊಳ್ಳಲಾಯಿತು ಎಂಬ ವರದಿ) ಮೊದಲ ವಿಷಯವಾಗಿ ತೆಗೆದುಕೊಳ್ಳಬೇಕು. ಒಪ್ಪಿದ್ದರೆ ಯಾರು, ಯಾವಾಗ ಜಾರಿಗೊಳಿಸುತ್ತಾರೆ; ಭಾಗಶಃ ಒಪ್ಪಿದ್ದರೆ ಎಷ್ಟರಮಟ್ಟಿಗೆ; ತಿರಸ್ಕರಿಸಿದ್ದರೆ ಕಾರಣವೇನು ಎಂಬುದು ಅದರಲ್ಲಿರಬೇಕು. ‘ಪರಿಶೀಲಿಸಲಾಗುವುದು’ ಎಂಬುದು ಉತ್ತರವಲ್ಲ. ಅದನ್ನು ಬರೆಯಲೇಬೇಕಾದರೆ ಮುಂದೆ ದಿನಾಂಕವೊಂದಿರಲಿ. ಸಕಾರಣವಾದ ತಿರಸ್ಕಾರವನ್ನು ಸದಸ್ಯರು ಸಹಿಸಿಕೊಳ್ಳಬಲ್ಲರು, ಮೌನವನ್ನು ಸಹಿಸುವುದಿಲ್ಲ. ಸದಸ್ಯರಲ್ಲೇ ಒಮ್ಮತ ಮೂಡದಿದ್ದಾಗ ಭಿನ್ನಾಭಿಪ್ರಾಯವನ್ನೂ ಬರೆದಿಡಬೇಕು. ಆಶ್ರಯ ಕೇಂದ್ರದ ಸ್ಥಳದಂಥ ವಿಷಯಗಳಲ್ಲಿ ನೆರೆಯ ನಿವಾಸಿಗಳ ಆತಂಕವನ್ನು ಪೂರ್ತಿ ಕೇಳಿಸಿಕೊಳ್ಳುವುದು ಬೇರೆ, ಕೇಂದ್ರ ಬೇಕೇ ಬೇಡವೇ ಎಂಬುದನ್ನು ಅವರ ಕೈಗೆ ಒಪ್ಪಿಸುವುದು ಬೇರೆ; ಅಧ್ಯಕ್ಷರು ಇದನ್ನು ಆರಂಭದಲ್ಲೇ ಸ್ಪಷ್ಟಪಡಿಸಬೇಕು.

ಅನುದಾನಕ್ಕೆ ಅರ್ಜಿ ಹಾಕಿರುವ ಸಂಸ್ಥೆಯ ಪ್ರತಿನಿಧಿ, ಆ ಅರ್ಜಿಯ ಚರ್ಚೆ ನಡೆಯುವಾಗ ಮತ ಹಾಕದೆ ಸುಮ್ಮನಿದ್ದರೆ ಸಾಲದು, ಕೊಠಡಿಯಿಂದ ಹೊರಗಿರಬೇಕು. ಹೊರಗಿದ್ದರೆಂಬುದು ನಡಾವಳಿಯಲ್ಲಿ ಬರಬೇಕು.

ಸದಸ್ಯತ್ವದ ಅವಧಿಯನ್ನು ಎರಡು ಅಥವಾ ಮೂರು ವರ್ಷಕ್ಕೆ ಮಿತಿಗೊಳಿಸಿ, ಎಲ್ಲರೂ ಒಟ್ಟಿಗೆ ನಿವೃತ್ತರಾಗದಂತೆ ನೋಡಿಕೊಳ್ಳಬೇಕು. ಸಮಿತಿ ಕೇಂದ್ರಗಳಿಗೆ ಭೇಟಿ ಕೊಡುವುದಾದರೆ ಅಲ್ಲಿ ತಂಗಿರುವವರಿಗೆ ಮುಂಚಿತವಾಗಿ ತಿಳಿಸಬೇಕು, ಅವರ ಅನುಮತಿಯಿಲ್ಲದೆ ಮಲಗುವ ಕೋಣೆಗೆ ಕಾಲಿಡಬಾರದು, ಫೋಟೊ ತೆಗೆಯಬಾರದು. ಮಾತಾಡಬಯಸುವವರನ್ನು ಸಿಬ್ಬಂದಿಯ ಗೈರಿನಲ್ಲಿ ಕಂಡು, ಅವರು ಹೇಳಿದ್ದನ್ನು ಹೆಸರಿಲ್ಲದೆ ಬರೆದು ಮುಂದಿನ ಕಾರ್ಯಸೂಚಿಗೆ ಸೇರಿಸಬೇಕು.