ಹನ್ನೊಂದು ವರ್ಷದ ಹಳೆಯ ಸರ್ವರ್ ಮತ್ತು ಬೆಲ್ಲದ ಮಂಡಿಯ ಲೆಕ್ಕ

2024ರ ಮಾರ್ಚ್‌ನಲ್ಲಿ ಮಂಡ್ಯದ ಬೆಲ್ಲದ ಮಂಡಿಯೊಂದರ ಮುಂದೆ ನಾನು ಪವರ್‌ಎಡ್ಜ್ ಆರ್720 ಎಂಬ ಡೆಲ್ ಕಂಪನಿಯ ಹಳೆಯ ಸರ್ವರ್ ಒಂದನ್ನು ಆಟೋದಿಂದ ಇಳಿಸಿದಾಗ, ನೂರಡಿ ರಸ್ತೆಯ ಟೀ ಅಂಗಡಿಯಲ್ಲಿ ಸಂಜೆ ಸೇರುವ ನಮ್ಮ ಟೆಕ್ನಿಷಿಯನ್ ಬಳಗದಲ್ಲಿ ಯಾರೂ ಅದನ್ನು ಸರ್ವರ್ ಎಂದು ಒಪ್ಪಲಿಲ್ಲ. “ಗುಜರಿಗೆ ಹೋಗೋದನ್ನ ದುಡ್ಡು ಕೊಟ್ಟು ತಂದಿದೀಯಲ್ಲೋ ತಮ್ಮ” ಎಂದರು ನನಗಿಂತ ಹತ್ತು ವರ್ಷ ಮೊದಲೇ ಈ ಕಸುಬಿಗೆ ಬಂದ ಅಣ್ಣ ಒಬ್ಬರು. ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ ಕಾಯುವ ರೇಡ್ ಕಾರ್ಡನ್ನು ನೆಚ್ಚದೆ ವ್ಯಾಪಾರದ ಡೇಟಾ ಇಡುವುದು ತಲೆಕೆಟ್ಟ ಕೆಲಸ ಎಂದು ಇನ್ನೊಬ್ಬರು ತೀರ್ಪು ಕೊಟ್ಟರು. ಆ ಪೆಟ್ಟಿಗೆ ಈಗ ಎರಡು ಆಯುಧಪೂಜೆಗಳನ್ನು ಕಂಡಿದೆ. ಹನ್ನೆರಡು ಜನ ಗುಮಾಸ್ತರ ಕೆಲಸವನ್ನೂ ಆರು ವಿಎಂಗಳನ್ನೂ (ಒಂದೇ ಸರ್ವರಿನೊಳಗೆ ಬೇರೆಬೇರೆಯಾಗಿ ಓಡುವ ವರ್ಚುವಲ್ ಕಂಪ್ಯೂಟರ್) ಹೊತ್ತುಕೊಂಡು ನಡೆಯುತ್ತಿದೆ. ಇದನ್ನು ಬರೆಯಲು ಅದೇ ಕಾರಣ.

ಮಂಡಿಯಲ್ಲಿ ಮೊದಲಿದ್ದದ್ದು ಅಸೆಂಬಲ್ ಮಾಡಿದ ಒಂದು ಡೆಸ್ಕ್‌ಟಾಪ್ ಮತ್ತು ಅದರ ಮೇಲೆ ವಿಎಂ ಓಡಿಸುವ, ವಿಎಂವೇರ್ ಕಂಪನಿಯ ಉಚಿತ ತಂತ್ರಾಂಶ ಇಎಸ್‌ಎಕ್ಸ್‌ಐ. ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ವಿಎಂವೇರನ್ನು ಕೊಂಡು, 2024ರ ಫೆಬ್ರವರಿಯಲ್ಲಿ ಆ ಉಚಿತ ಆವೃತ್ತಿಯನ್ನು ನಿಲ್ಲಿಸಿದ್ದು ನಿಮಗೆ ಗೊತ್ತೇ ಇದೆ. 2025ರ ಏಪ್ರಿಲ್‌ನಲ್ಲಿ ಅದು ಮತ್ತೆ ಬಂದಿತಾದರೂ ಅಷ್ಟರಲ್ಲಿ ನಾನು ಹೊಳೆ ದಾಟಿಯಾಗಿತ್ತು. ನಿಜ ಹೇಳಬೇಕೆಂದರೆ ಉಚಿತ ಆವೃತ್ತಿ ನಿಂತದ್ದು ನನಗೆ ನೆಪ ಮಾತ್ರ. ಅದರಲ್ಲಿ ಬ್ಯಾಕಪ್ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿದ್ದರಿಂದ, ವಾರಕ್ಕೊಮ್ಮೆ ಭಾನುವಾರ ಹೋಗಿ ವಿಎಂ ನಿಲ್ಲಿಸಿ ಕೈಯಾರೆ ನಕಲು ತೆಗೆಯುವ ಕೂಲಿಯಿಂದ ನಾನು ಬೇಸತ್ತಿದ್ದೆ.

ಹೊಸ ಸರ್ವರ್‌ಗೆ ಮೈಸೂರಿನ ಒಂದು ಅಂಗಡಿಯಿಂದ ಕೊಟೇಶನ್ ತರಿಸಿದಾಗ ಮೂರು ಲಕ್ಷದ ಎಂಬತ್ತು ಸಾವಿರದ ಹತ್ತಿರ ಬಂದಿತ್ತು. ಮಂಡಿಯ ಯಜಮಾನರು ಕಾಗದವನ್ನು ನೋಡಿ ಮಡಿಚಿ ಜೇಬಿಗಿಟ್ಟುಕೊಂಡರೇ ಹೊರತು ಮಾತಾಡಲಿಲ್ಲ. ಅದರ ಅರ್ಥ ನನಗೆ ತಿಳಿಯಿತು. ಮರುವಾರ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಅರ್ಧ ದಿನ ಅಲೆದು, ಎರಡು ಜಿಯಾನ್ ಇ5-2650 ವಿ2, ತಪ್ಪನ್ನು ತಾನೇ ತಿದ್ದಿಕೊಳ್ಳುವ 128 ಜಿಬಿ ಇಸಿಸಿ ಮೆಮೊರಿ, ಮೂರೂವರೆ ಇಂಚಿನ ಡಿಸ್ಕಿಗೆ ಎಂಟು ಬೇ, ಎರಡು 750 ವಾಟಿನ ಪವರ್ ಸಪ್ಲೈ ಇರುವ ಆರ್720 ಒಂದನ್ನು ಮೂವತ್ತೆಂಟು ಸಾವಿರಕ್ಕೆ ಮಾತಾಡಿದೆ. 2013ರ ಕಾಲದ ಪ್ರೊಸೆಸರ್ ಎಂದು ನಗುವವರು ನಗಲಿ. ಬೆಲ್ಲದ ಅಚ್ಚು ಎಣಿಸಲು ಹದಿನಾರು ಕೋರ್ ಸಾಕು. ಅಂಗಡಿಯಲ್ಲಿ ಹಳೆಯ ಯಂತ್ರವನ್ನು ಹೇಗೆ ಪರೀಕ್ಷಿಸಿ ಕೊಳ್ಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಯಂತ್ರದ ಆರೋಗ್ಯದ ಲೆಕ್ಕ ಇಡುವ ಐಡ್ರಾಕ್‌ನ ಲಾಗನ್ನು ಅಳಿಸಿರುವ ಯಂತ್ರವನ್ನು ನಾನು ಮುಟ್ಟುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಮೊದಲ ತಪ್ಪು ರೇಡ್ ಕಾರ್ಡಿನಲ್ಲೇ ಆಯಿತು. ಜೊತೆಗೆ ಬಂದಿದ್ದ ಎಚ್710 ಮಿನಿ ಕಾರ್ಡಿನಲ್ಲಿ ಒಂದೊಂದು ಡಿಸ್ಕನ್ನೂ ಒಂದೊಂದು ರೇಡ್-0 (ಒಂಟಿ ಡಿಸ್ಕಿನ ಗುಂಪು) ಮಾಡಿ, ಅವುಗಳ ಮೇಲೆ ಇಎಸ್‌ಎಕ್ಸ್‌ಐನಂತೆಯೇ ವಿಎಂ ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ, ಡಿಸ್ಕುಗಳನ್ನು ತಾನೇ ಒಟ್ಟುಗೂಡಿಸಿ ಕಾಯುವ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಪೂಲ್ ಕಟ್ಟಿದೆ. ಹೀಗೆ ಮಾಡಬಾರದೆಂದು ಎಲ್ಲರೂ ಹೇಳುತ್ತಾರೆ, ನನಗೂ ಗೊತ್ತಿತ್ತು, ಆದರೂ ಆ ಹೊತ್ತಿಗೆ ಅದು ಸುಲಭವಾಗಿ ಕಂಡಿತು. ಮೂರನೆಯ ವಾರದಲ್ಲಿ ಒಂದು ಡಿಸ್ಕ್ ಕೈಕೊಟ್ಟಿತು. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಅಂಕಿಗಳು ಕಾರ್ಡಿನ ಹಿಂದೆ ಅಡಗಿ ಕೂತಿದ್ದರಿಂದ ಮುನ್ಸೂಚನೆ ಸಿಗಲಿಲ್ಲ. ಬದಲಿ ಡಿಸ್ಕ್ ಹಾಕಿದರೂ ಕಾರ್ಡ್ ಅದನ್ನು ತಾನಾಗಿ ಮುಂದಕ್ಕೆ ಬಿಡಲಿಲ್ಲ. ಅದು ಬೇರೆ ಯಂತ್ರದಲ್ಲಿ ದುಡಿದಿದ್ದ ಡಿಸ್ಕಾದ್ದರಿಂದ ಹಳೆಯ ಕಾನ್ಫಿಗ್ ಅಳಿಸಿ ಹೊಸ ರೇಡ್-0 ಮಾಡಲು ಸರ್ವರನ್ನು ರೀಬೂಟ್ ಮಾಡಿ ಕಾರ್ಡಿನ ಬಯಾಸ್‌ಗೆ ಇಳಿಯಬೇಕಾಯಿತು. ಹಗಲು ಹನ್ನೊಂದು ಗಂಟೆಗೆ, ಹರಾಜು ನಡೆಯುತ್ತಿದ್ದ ಹೊತ್ತಿನಲ್ಲಿ, ಹನ್ನೆರಡು ಜನ ಗುಮಾಸ್ತರು ಕೈಕಟ್ಟಿ ನನ್ನನ್ನೇ ನೋಡುತ್ತ ನಿಂತಿದ್ದರು. ಆ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ.

ಕಾರ್ಡನ್ನು, ಡಿಸ್ಕುಗಳನ್ನು ಮರೆಮಾಡದೆ ನೇರವಾಗಿ ತೋರಿಸುವ ಐಟಿ ಮೋಡ್‌ಗೆ ತರಲೇಬೇಕೆಂದು ತೀರ್ಮಾನಿಸಿದೆ. ಎಚ್710ಕ್ಕಿಂತ ಸುಲಭವೆಂದು ಎಚ್310 ಮಿನಿಯೊಂದನ್ನು ಎರಡು ಸಾವಿರಕ್ಕೆ ತಂದು, ಸಾಮಾನ್ಯ ಪಿಸಿಐಇ ಕಾರ್ಡಿಗೆ ಬರೆಯುವ ಫರ್ಮ್‌ವೇರನ್ನೇ (ಕಾರ್ಡಿನೊಳಗಿನ ತಂತ್ರಾಂಶ) ಅದಕ್ಕೂ ಬರೆದೆ. ಬರೆಯುವಾಗ ಎಲ್ಲವೂ ಸರಿಯಾಗಿಯೇ ನಡೆಯಿತು. ರೀಬೂಟ್ ಮಾಡಿದೊಡನೆ, ಒಳಗಿನ ಸ್ಟೋರೇಜ್ ಸ್ಲಾಟಿನಲ್ಲಿ ಸಲ್ಲದ ಕಾರ್ಡ್ ಇದೆ ಎಂಬ ಸಂದೇಶ ತೋರಿಸಿ ಸರ್ವರ್ ಅಲ್ಲೇ ನಿಂತಿತು. ಆ ಸ್ಲಾಟ್ ಕಾರ್ಡಿನ ಗುರುತನ್ನು ನೋಡಿ ಒಳಗೆ ಬಿಡುತ್ತದೆ, ಗುರುತು ಬದಲಾದರೆ ಬಿಡುವುದಿಲ್ಲ ಎಂಬ ಪಾಠಕ್ಕೆ ಎರಡು ಸಾವಿರ ಕೊಟ್ಟಂತಾಯಿತು. ಕೊನೆಗೆ ಮೂಲ ಎಚ್710ಕ್ಕೇ ಮರಳಿದೆ. ಕಾರ್ಡಿನ ಬೋರ್ಡ್ ಯಾವ ರಿವಿಷನ್ ಎಂದು ಮೊದಲು ನೋಡಿ, ಕ್ಯಾಶ್ ಬ್ಯಾಟರಿಯನ್ನು ಬಿಚ್ಚಿಟ್ಟು, ಎಸ್‌ಎಎಸ್ ವಿಳಾಸವನ್ನು ಕಾಗದದ ಮೇಲೆ ಬರೆದುಕೊಂಡು ಕೂತರೆ ಅದಕ್ಕೆ ಐಟಿ ಮೋಡಿನ ಫರ್ಮ್‌ವೇರ್ ಬರೆಯುವುದು ಅರ್ಧ ಗಂಟೆಯ ಕೆಲಸ. ಕಾರ್ಡಿನ ಬೂಟ್ ರೋಮ್ (ಬೂಟ್ ಮಾಡಿಸುವ ಪುಟ್ಟ ತಂತ್ರಾಂಶ) ಬರೆಯುವುದನ್ನು ಮರೆತರೆ ಪೂಲ್‌ನಿಂದ ಬೂಟ್ ಆಗುವುದಿಲ್ಲ. ನಾನು ಮರೆತೆ, ಮತ್ತೊಮ್ಮೆ ಕೂತೆ.

ಎರಡನೆಯ ಪೆಟ್ಟು ಡಿಸ್ಕುಗಳದ್ದು. ದುಡ್ಡು ಉಳಿಸಲು ಹೋಗಿ ಅಗ್ಗದ 4 ಟಿಬಿ ಡಿಸ್ಕ್ ಎರಡನ್ನು ಸೇರಿಸಿದ್ದೆ, ಅವು ಎಸ್‌ಎಂಆರ್ (ಟ್ರ್ಯಾಕುಗಳನ್ನು ಒತ್ತೊತ್ತಾಗಿ ಹೊದಿಸಿ ಬರೆಯುವ ಬಗೆ) ಎಂದು ಡಬ್ಬಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ದಿನನಿತ್ಯದ ಓದು-ಬರಹದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ರಿಸಿಲ್ವರ್, ಅಂದರೆ ಬದಲಿ ಡಿಸ್ಕಿಗೆ ಡೇಟಾ ಮರುತುಂಬುವ ಕೆಲಸ ಶುರುವಾದಾಗ ಬಣ್ಣ ಬಯಲಾಯಿತು: ಮೊದಲ ಒಂದು ಗಂಟೆ ಚೆನ್ನಾಗಿ ಓಡಿ, ಆಮೇಲೆ ಕಬ್ಬಿನ ಗಾಡಿ ಏರು ಹತ್ತಿದಂತೆ ಸೆಕೆಂಡಿಗೆ ಏಳೆಂಟು ಎಂಬಿಗೆ ಇಳಿದು, ನಾಲ್ಕನೆಯ ದಿನ ಡಿಸ್ಕ್ ಉತ್ತರ ಕೊಡುತ್ತಿಲ್ಲವೆಂದು ಝಡ್‌ಎಫ್‌ಎಸ್ ಅದನ್ನು ಹೊರಗೆ ತಳ್ಳಿತು. ಡಿಸ್ಕ್ ಕೆಟ್ಟಿರಲಿಲ್ಲ. ಒಂದರ ಮೇಲೊಂದು ಹೊದಿಸಿದ ಟ್ರ್ಯಾಕುಗಳನ್ನು ತಿರುಗಿ ಬರೆಯುವುದರಲ್ಲೇ ಅದಕ್ಕೆ ಉಸಿರುಕಟ್ಟಿತ್ತು. ಎರಡನ್ನೂ ಸಿಸಿಟಿವಿ ಹಾಕುವ ಗೆಳೆಯನಿಗೆ ಅರ್ಧ ಬೆಲೆಗೆ ದಾಟಿಸಿ, ಎಂಟರ್‌ಪ್ರೈಸ್ ದರ್ಜೆಯ, ಟ್ರ್ಯಾಕುಗಳನ್ನು ಹೊದಿಸದ ಸಿಎಂಆರ್ ಡಿಸ್ಕ್ ನಾಲ್ಕನ್ನು ಒಂದೊಂದಕ್ಕೆ ಹನ್ನೊಂದೂವರೆ ಸಾವಿರದಂತೆ ಹೊಸದಾಗಿಯೇ ತಂದೆ. ಹಳೆಯ ಸರ್ವರ್ ತರುತ್ತೇನೆ, ಹಳೆಯ ಮೆಮೊರಿ ತರುತ್ತೇನೆ, ತಿರುಗುವ ಡಿಸ್ಕನ್ನು ಮಾತ್ರ ಈಗ ಹಳೆಯದು ತರುವುದಿಲ್ಲ.

ಆ ನಾಲ್ಕನ್ನು ಜಾಗ ಉಳಿಸುವ ರೇಡ್‌ಝಡ್ ಮಾಡದೆ, ಒಂದರ ನಕಲು ಇನ್ನೊಂದರಲ್ಲಿರುವ ಎರಡು ಮಿರರ್ ಜೋಡಿ ಮಾಡಿದ್ದೇನೆ. ಅರ್ಧ ಜಾಗ ಹೋಯಿತಲ್ಲ ಎಂದು ಟೀ ಅಂಗಡಿಯಲ್ಲಿ ಎಲ್ಲರೂ ಲೊಚಗುಟ್ಟಿದರು. ಮಂಡಿಯ ಹತ್ತು ವರ್ಷದ ಲೆಕ್ಕ, ಸ್ಕ್ಯಾನ್ ಮಾಡಿದ ರಸೀದಿ, ಕ್ಯಾಮೆರಾದ ತುಣುಕು ಎಲ್ಲ ಸೇರಿದರೂ ಎರಡು ಟಿಬಿ ಮುಟ್ಟಿಲ್ಲ, ಎಲ್‌ಝಡ್4 ಕಂಪ್ರೆಶನ್ನಿನಿಂದ ಲೆಕ್ಕದ ಕಡತಗಳು ಅರ್ಧಕ್ಕೆ ಹತ್ತಿರ ಕುಗ್ಗಿವೆ. ಜಾಗವನ್ನು ಇಟ್ಟುಕೊಂಡು ನಾನೇನು ಮಾಡಲಿ? ಒಂದೇ ಡೇಟಾವನ್ನು ಎರಡು ಸಲ ಇಡದ ಡಿಡ್ಯೂಪ್ ಹಾಕಿದರೆ ಇನ್ನೂ ಉಳಿಯುತ್ತದೆಯೇ ಎಂಬ ಚಪಲಕ್ಕೆ ಒಂದು ಶನಿವಾರ ಅದನ್ನೂ ಹಾಕಿ ನೋಡಿದೆ. ಉಳಿದದ್ದು ನೂರಕ್ಕೆ ನಾಲ್ಕೈದು, ತಿಂದದ್ದು ಏಳೆಂಟು ಜಿಬಿ ಮೆಮೊರಿ. ಸೋಮವಾರ ಬೆಳಿಗ್ಗೆಯೊಳಗೆ ಆ ಡೇಟಾಸೆಟ್ಟನ್ನು ಅಳಿಸಿ ಮರಳಿ ಬರೆದೆ. ಝಡ್‌ಎಫ್‌ಎಸ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಕ್ಯಾಶ್ ಆದ ಎಆರ್‌ಸಿಗೆ 32 ಜಿಬಿಯ ಮಿತಿ ಕಟ್ಟಿ ಉಳಿದದ್ದನ್ನು ವಿಎಂಗಳಿಗೆ ಬಿಟ್ಟಿದ್ದೇನೆ.

ವಿಎಂಗಳ ಡಿಸ್ಕುಗಳನ್ನು ಇಟ್ಟಿರುವುದು ಬೇರೆ ಎಸ್‌ಎಸ್‌ಡಿ ಮಿರರ್‌ನಲ್ಲಿ. ಅಲ್ಲೂ ಮೊದಲು ಲ್ಯಾಪ್‌ಟಾಪಿಗೆ ಹಾಕುವಂಥ ಸಾಧಾರಣ ಎಸ್‌ಎಸ್‌ಡಿ ಹಾಕಿ ಕೈ ಸುಟ್ಟುಕೊಂಡೆ. ಬೆಳಿಗ್ಗೆ ಎಲ್ಲವೂ ಚುರುಕಾಗಿರುತ್ತಿತ್ತು. ಮಧ್ಯಾಹ್ನ ನಾಲ್ಕರ ಮೇಲೆ ಎಲ್ಲ ಗುಮಾಸ್ತರೂ ಒಟ್ಟಿಗೆ ಬಿಲ್ ಉಳಿಸುವ ಹೊತ್ತಿಗೆ ಪರದೆ ಐದು ಸೆಕೆಂಡ್, ಹತ್ತು ಸೆಕೆಂಡ್ ಹೆಪ್ಪುಗಟ್ಟುತ್ತಿತ್ತು. “ಸಾರ್, ನಿಮ್ ಸರ್ವರ್‌ಗೂ ಟೀ ಟೈಮಾ?” ಎಂದು ಒಬ್ಬ ಹುಡುಗ ಕೇಳಿಯೇಬಿಟ್ಟ. ಪ್ರಾಕ್ಸ್‌ಮಾಕ್ಸ್‌ನ ವೇಗಪರೀಕ್ಷೆ ಪಿವಿಇಪರ್ಫ್ ಓಡಿಸಿ ನೋಡಿದರೆ ಸೆಕೆಂಡಿಗೆ ಇನ್ನೂರು ಚಿಲ್ಲರೆ ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ಸೇರಿತೆಂಬ ಖಾತರಿ) ಬರುತ್ತಿತ್ತು. ಸಿಂಕ್ ನಿಲ್ಲಿಸಿಬಿಟ್ಟರೆ ವೇಗ ಬರುತ್ತದೆ, ಬಹಳ ಜನ ಹಾಗೇ ಮಾಡಿ ದುಡ್ಡು ಎಣಿಸಿಕೊಂಡು ಹೋಗುತ್ತಾರೆ; ಕರೆಂಟ್ ಹೋದ ದಿನ ಕೊನೆಯ ಕೆಲವು ಸೆಕೆಂಡಿನ ಬಿಲ್ಲುಗಳು ಎಲ್ಲಿ ಹೋದವೆಂದು ಯಜಮಾನರಿಗೆ ಉತ್ತರ ಹೇಳಬೇಕಾದವನು ನಾನು. ಕರೆಂಟ್ ಕಡಿದರೂ ಕೈಯಲ್ಲಿರುವುದನ್ನು ಬರೆದು ಮುಗಿಸಲು ಒಳಗೇ ಕೆಪಾಸಿಟರ್ ಇರುವ, ಡೇಟಾಸೆಂಟರ್‌ನಿಂದ ಕಳಚಿ ಬಂದ 480 ಜಿಬಿ ಎಸ್‌ಎಸ್‌ಡಿ ಎರಡನ್ನು ಜೋಡಿಗೆ ಏಳು ಸಾವಿರ ಕೊಟ್ಟು ತಂದೆ. ಅದೇ ಪರೀಕ್ಷೆ ಮೂರು ಸಾವಿರ ದಾಟಿತು. ಆಮೇಲೆ ನಾಲ್ಕು ಗಂಟೆಯ ದೂರು ಬಂದಿಲ್ಲ.

ಹಳೆಯ ಇಎಸ್‌ಎಕ್ಸ್‌ಐನಿಂದ ವಿಎಂಗಳನ್ನು ತರುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ, ಏಕೆಂದರೆ ಅದೇ ಮಾರ್ಚ್ ಕೊನೆಯಲ್ಲಿ ಪ್ರಾಕ್ಸ್‌ಮಾಕ್ಸ್‌ನವರು ಇಂಪೋರ್ಟ್ ಸೌಲಭ್ಯವನ್ನು ಬಿಟ್ಟಿದ್ದರು. ವಿಂಡೋಸ್ ಮಾತ್ರ, ಡಿಸ್ಕನ್ನು ವಿಎಂಗಳಿಗೆಂದೇ ಇರುವ ವೇಗದ ಸಂಪರ್ಕವಾದ ವರ್ಟಿಯೋಗೆ ಬದಲಿಸಿದ ಕೂಡಲೇ ನೀಲಿ ಪರದೆ ತೋರಿಸಿತು. ಮೊದಲು ಸಾಟಾ ಡಿಸ್ಕಾಗಿಯೇ ಬೂಟ್ ಮಾಡಿ, ಒಂದು ಜಿಬಿಯ ಖಾಲಿ ಡಿಸ್ಕನ್ನು ವರ್ಟಿಯೋ ಮೂಲಕ ತಗುಲಿಸಿ ಡ್ರೈವರ್ ಕೂರಿಸಿ, ಆಮೇಲೆ ನಿಜವಾದ ಡಿಸ್ಕನ್ನು ಬದಲಿಸಿದರೆ ತಕರಾರಿಲ್ಲದೆ ಏಳುತ್ತದೆ.

ಇನ್ನು ಕರೆಂಟ್. ಮಂಡಿಯಲ್ಲಿದ್ದ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಸರ್ವರ್ ಕೊಟ್ಟಾಗ, ಲೈನ್ ಹೋದ ಕ್ಷಣದಲ್ಲೇ ಎರಡೂ ಪವರ್ ಸಪ್ಲೈ ಕೈ ಎತ್ತಿದವು. ಹಳೆಯ 2 ಕೆವಿಎ ಆನ್‌ಲೈನ್ ಯುಪಿಎಸ್ ಒಂದನ್ನು ಒಂಬತ್ತು ಸಾವಿರಕ್ಕೆ ತಂದು, ಆರು ಹೊಸ ಬ್ಯಾಟರಿಗೆ ಹದಿನೈದು ಸಾವಿರ ಸುರಿದೆ. ಸರ್ವರ್ ಸುಮ್ಮನಿದ್ದಾಗ ನೂರೈವತ್ತು ವಾಟ್ ಆಸುಪಾಸು ಎಳೆಯುತ್ತದೆ, ಅಂದರೆ ತಿಂಗಳಿಗೆ ನೂರೆಂಟು, ನೂರಹತ್ತು ಯೂನಿಟ್. ಬ್ಯಾಟರಿ ಅರ್ಧಕ್ಕೆ ಬಂದಾಗ ಯುಪಿಎಸ್ ಮೇಲೆ ಕಣ್ಣಿಡುವ ಎನ್‌ಯುಟಿ ಎಂಬ ತಂತ್ರಾಂಶ ವಿಎಂಗಳನ್ನು ಒಂದೊಂದಾಗಿ ಮಲಗಿಸಿ ಕೊನೆಗೆ ಸರ್ವರನ್ನು ನಿಲ್ಲಿಸುತ್ತದೆ. ಯಾವ ವಿಎಂ ಮೊದಲು, ಯಾವುದು ಕೊನೆಗೆ ಎಂಬ ಕ್ರಮವನ್ನು ಹೊಂದಿಸಲು ಎರಡು ಭಾನುವಾರ ಹಿಡಿಯಿತು.

ಬೆಲ್ಲದ ಮಂಡಿಯಲ್ಲಿ ಸರ್ವರ್ ಇಡುವವರಿಗೆ ಇನ್ನೊಂದು ಕಾಟವಿದೆ, ಇರುವೆ. ಗಾಳಿಯಲ್ಲೇ ಬೆಲ್ಲದ ಪುಡಿ ತೇಲುತ್ತದೆ, ಫ್ಯಾನ್ ಅದನ್ನು ಒಳಗೆಳೆದು ಹೀಟ್‌ಸಿಂಕಿನ ಎಸಳುಗಳಿಗೆ ಅಂಟಿಸುತ್ತದೆ, ವಾಸನೆ ಹಿಡಿದು ಇರುವೆ ಸಾಲುಗಟ್ಟುತ್ತದೆ. ಸೊಳ್ಳೆ ಪರದೆಯ ಬಟ್ಟೆಯನ್ನು ಎರಡು ಪದರ ಮಾಡಿ ಸರ್ವರಿನ ಮುಂಭಾಗದ ಮುಚ್ಚಳವಾದ ಬೆಜಲ್‌ಗೆ ಕಟ್ಟಿದ್ದೇನೆ, ಹದಿನೈದು ದಿನಕ್ಕೊಮ್ಮೆ ಒಬ್ಬ ಹುಡುಗ ಅದನ್ನು ತೊಳೆದು ಒಣಗಿಸಿ ಕಟ್ಟುತ್ತಾನೆ. ರ‍್ಯಾಕಿನ ಕಾಲುಗಳ ಸುತ್ತ ಸೀಮೆಸುಣ್ಣದ ಗೀಟು ಎಳೆದಿದ್ದೇವೆ. ರಾಸಾಯನಿಕ ಎರಚಲು ನಾನು ಬಿಟ್ಟಿಲ್ಲ. ಮೊದಲ ವರ್ಷದ ಆಯುಧಪೂಜೆಗೆ ಯಜಮಾನರ ತಾಯಿ ಬೆಜಲ್ ಉದ್ದಕ್ಕೂ ಚೆಂಡುಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಹಚ್ಚಿದರು. ಸಂಜೆಗೆ ಗಾಳಿ ಕಟ್ಟಿ, ಫ್ಯಾನುಗಳು ವಿಮಾನದಂತೆ ಮೊರೆಯತೊಡಗಿದವು. ಎರಡನೆಯ ವರ್ಷ ನಾನೇ ಮುಂದಾಗಿ ನಿಂತು ಹಾರವನ್ನು ರ‍್ಯಾಕಿನ ನೆತ್ತಿಗೆ ಹಾಕಿಸಿದೆ. “ದೇವರಿಗೂ ಗಾಳಿ ಬೇಕು ಕಣಮ್ಮ” ಎಂದರೆ ಅವರು ಒಪ್ಪಿದರು.

ಬೇರೆ ದಿನಗಳಲ್ಲಿ ಫ್ಯಾನಿನ ಸದ್ದನ್ನು, ಸರ್ವರಿನ ಯಂತ್ರಭಾಗವನ್ನೇ ನಿಯಂತ್ರಿಸುವ ಐಪಿಎಂಐ ಆಜ್ಞೆಯಿಂದ ಹಿಡಿತದಲ್ಲಿ ಇಟ್ಟಿದ್ದೇನೆ. ಯಾವ ಉಷ್ಣತೆಗೆ ಎಷ್ಟು ವೇಗ ಎಂಬ ಕೋಷ್ಟಕಕ್ಕೆ ನನ್ನ ಮೂರು ತಿಂಗಳ ಬೇಸಿಗೆ ಹೋಗಿದೆ, ಅದನ್ನು ಬಿಟ್ಟುಕೊಡಲಾರೆ. ಬ್ಯಾಕಪ್‌ಗೆ ಮಂಡಿಯ ಹಳೆಯ ಡೆಸ್ಕ್‌ಟಾಪಿನಲ್ಲೇ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿದ್ದೇನೆ. ಅದಕ್ಕೆಂದು ತಂದ 3 ಟಿಬಿ ಎಸ್‌ಎಎಸ್ ಡಿಸ್ಕುಗಳು ಯಾವುದೋ ಸ್ಟೋರೇಜ್ ಪೆಟ್ಟಿಗೆಯಿಂದ ಬಂದಿದ್ದು ಸಾಮಾನ್ಯವಾದ 512ರ ಬದಲು 520 ಬೈಟಿನ ಸೆಕ್ಟರ್ ಇದ್ದುದರಿಂದ ಬಳಸಲು ಬರಲೇ ಇಲ್ಲ. ಎಸ್‌ಜಿ ಫಾರ್ಮ್ಯಾಟ್ ಎಂಬ ಆಜ್ಞೆಯಿಂದ 512ಕ್ಕೆ ತರಲು ಒಂದೊಂದಕ್ಕೆ ಒಂದು ಇಡೀ ರಾತ್ರಿ ಹಿಡಿಯಿತು. ಹಳೆಯ ಡಿಸ್ಕ್ ತರುವುದಿಲ್ಲ ಎಂದೆನಲ್ಲ, ಅದು ಇದಾದ ಮೇಲೆ. ಮೊದಲ ಪೂರ್ಣ ಬ್ಯಾಕಪ್ ಮೂರು ತಾಸು ತೆಗೆದುಕೊಂಡಿತ್ತು, ಈಗ ರಾತ್ರಿ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ.

ಎಲ್ಲ ಸೇರಿಸಿದರೆ ಮಂಡಿಗೆ ಒಂದು ಲಕ್ಷದ ಇಪ್ಪತ್ತು ಸಾವಿರದಷ್ಟು ಬಿದ್ದಿದೆ. ಕೆಟ್ಟ ಕಾರ್ಡ್, ಎಸ್‌ಎಂಆರ್ ಡಿಸ್ಕ್, ಸಾಧಾರಣ ಎಸ್‌ಎಸ್‌ಡಿ ಇವುಗಳಲ್ಲಿ ಕಳೆದ ಹದಿನೈದು, ಹದಿನಾರು ಸಾವಿರವನ್ನು ಬಿಲ್ಲಿಗೆ ಹಾಕಲು ಮನಸ್ಸು ಬರಲಿಲ್ಲ, ಅದು ನನ್ನ ಕೈಯಿಂದ ಹೋಯಿತು.

ಕಳೆದ ತಿಂಗಳು ಒಂದು ಡಿಸ್ಕಿನಲ್ಲಿ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲು ಬಾರದ ಜಾಗ) ಏರತೊಡಗಿದಾಗ ನಾನು ಮೈಸೂರಿನಲ್ಲಿ ಬೇರೆ ಕೆಲಸದಲ್ಲಿದ್ದೆ. ಪ್ರತಿ ಟ್ರೇ ಮೇಲೂ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಮಾರ್ಕರ್‌ನಲ್ಲಿ ಬರೆದಿಟ್ಟಿದ್ದರಿಂದ, ಹಿಂದೆ ಟೀ ಟೈಮಿನ ಮಾತಾಡಿದ ಅದೇ ಹುಡುಗನಿಗೆ ಫೋನಿನಲ್ಲಿ ಅಂಕಿ ಹೇಳಿದೆ. ಅವನು ಎರಡು ಸಲ ಓದಿ ಖಚಿತಪಡಿಸಿಕೊಂಡು ಟ್ರೇ ಎಳೆದು, ಕಪಾಟಿನಲ್ಲಿದ್ದ ಬದಲಿ ಡಿಸ್ಕ್ ಕೂರಿಸಿದ. ನಾನು ಮೈಸೂರಿನಿಂದಲೇ ರಿಪ್ಲೇಸ್ ಆಜ್ಞೆ ಕೊಟ್ಟೆ. ಐದೂವರೆ ಗಂಟೆಯಲ್ಲಿ ರಿಸಿಲ್ವರ್ ಮುಗಿಯಿತು, ಹರಾಜು ನಿಲ್ಲಲಿಲ್ಲ, ಯಜಮಾನರಿಗೆ ಸಂಜೆ ನಾನು ಹೇಳುವವರೆಗೆ ವಿಷಯವೇ ಗೊತ್ತಿರಲಿಲ್ಲ. ಗುಜರಿ ಎಂದಿದ್ದ ಅಣ್ಣ ಈಗ ತಮ್ಮ ಗಿರಾಕಿಯೊಬ್ಬರಿಗೆ ಇಂಥದ್ದೇ ಒಂದು ಬೇಕೆಂದು ಹೇಳಿದ್ದಾರೆ; ಬರುವ ಶನಿವಾರ ಇಬ್ಬರೂ ಎಸ್‌.ಪಿ. ರೋಡಿಗೆ ಹೋಗುವವರಿದ್ದೇವೆ, ಬಸ್ ಚಾರ್ಜ್ ಅವರದು.