ಕುಡಿಕೆಯೊಳಗೊಂದು ಬಾಣಂತನ: ಮನೆಯಲ್ಲೇ ಸಿಕ್ಲಿಡ್ ಮರಿ ಮಾಡಿಸುವುದು ಹೇಗೆ?

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಅಡಿಯ ಗಾಜಿನ ತೊಟ್ಟಿ ಇದೆ. ಅದರ ಮೂಲೆಯಲ್ಲಿ ಒಂದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿಟ್ಟಿದ್ದೇನೆ. ಹೋದ ಶ್ರಾವಣದಲ್ಲಿ ಪಕ್ಕದ ಮನೆಯ ಹುಡುಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಇಣುಕಿ, "ಕಾಕಾ, ಕುಡಿಕಿ ಒಳಗ ನವಣಿ ಕಾಳು ಅಂಟಿಸಿದಂಗ ಕಾಣ್ತೈತ್ರಿ" ಅಂದಳು. ನೋಡಿದರೆ ಸುಮಾರು ಇನ್ನೂರು ತತ್ತಿ, ಸಾಲುಸಾಲಾಗಿ. ಅವುಗಳ ಮೇಲೆ ತಾಯಿ ಮೀನು ರೆಕ್ಕೆ ಬೀಸುತ್ತ ನಿಂತಿತ್ತು.

ಅದು ಕನ್ವಿಕ್ಟ್ ಸಿಕ್ಲಿಡ್. ಮೈಮೇಲೆ ಕಪ್ಪು ಪಟ್ಟೆ ಇರುವುದರಿಂದ ಕೆಲವರು ಜೀಬ್ರಾ ಎನ್ನುತ್ತಾರೆ. ಸಿಕ್ಲಿಡ್ ಎಂಬುದನ್ನು ಅಂಗಡಿಯಲ್ಲಿ ಸಿಚ್ಲಿಡ್ ಎಂದರೂ ತಿಳಿಯುತ್ತದೆ. ಕನ್ವಿಕ್ಟಿನ ತವರು ಮಧ್ಯ ಅಮೆರಿಕ. ಸಿಕ್ಲಿಡ್ ಎಂಬುದು ಮೀನುಗಳ ಒಂದು ದೊಡ್ಡ ಕುಟುಂಬ; ಅಂಗಡಿಯಲ್ಲಿ ಸಿಗುವ ಏಂಜೆಲ್, ಆಸ್ಕರ್, ಫ್ಲವರ್‌ಹಾರ್ನ್ ಎಲ್ಲವೂ ಇದೇ ಕುಟುಂಬದವು. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬುದು ನಮ್ಮ ಕರಾವಳಿ ಸೀಮೆಯ ನದಿಯ ಮೀನು. ಹೆಸರಲ್ಲೇ ಕೆನರಾ ಇದೆ. ಈ ಕುಟುಂಬದ ಮೀನುಗಳು ತತ್ತಿ ಇಟ್ಟು ಹಾಗೇ ಬಿಟ್ಟು ಹೋಗುವುದಿಲ್ಲ, ಮರಿ ದೊಡ್ಡದಾಗುವ ತನಕ ಕಾಯುತ್ತವೆ. ಅದಕ್ಕೇ ಮರಿ ಮಾಡಿಸುವುದನ್ನು ಕಲಿಯುವವರಿಗೆ ನಾನು ಕನ್ವಿಕ್ಟನ್ನೇ ಹೇಳುತ್ತೇನೆ. ಏಂಜೆಲ್ ಜೋಡಿ ತನ್ನ ತತ್ತಿಯನ್ನು ತಾನೇ ತಿನ್ನುವುದು ಬಹಳ; ಹೊಸಬರಿಗೆ ಮನಸ್ಸು ಮುರಿಯುತ್ತದೆ. ಕನ್ವಿಕ್ಟ್ ಜೋಡಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಮರಿ ಸತ್ತರೆ ಹೆಚ್ಚಿನ ಸಲ ಕಾರಣ ನಾವು, ನಾವು ಹಾಕುವ ನೀರು.

ತೊಟ್ಟಿ ಹೂಡುವುದು

3 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರದ ತೊಟ್ಟಿಗೆ ಹತ್ತಿರಹತ್ತಿರ 100 ಲೀಟರ್ ನೀರು ಹಿಡಿಯುತ್ತದೆ. ಒಂದು ಜೋಡಿಗೆ ಇಷ್ಟು ಸಾಕು. ಉಸುಕು, ಗಾಜು ಸೇರಿದರೆ ಒಂದು ಕ್ವಿಂಟಲ್ ಮೀರುವ ಭಾರ, ಹಾಗಾಗಿ ಟೀಪಾಯಿ ಮೇಲೆ ಇಡಬೇಡಿ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ತಳಕ್ಕೆ ಚೆನ್ನಾಗಿ ತೊಳೆದ ಸಣ್ಣ ಉಸುಕು ಒಂದೂವರೆ ಇಂಚು. ಫಿಲ್ಟರ್ ಮಾತ್ರ ಸ್ಪಂಜಿನದೇ ಇರಲಿ. ಮೋಟಾರಿನ ಫಿಲ್ಟರ್ ಮರಿಗಳನ್ನು ಎಳೆದುಕೊಂಡುಬಿಡುತ್ತದೆ.

ಕುಡಿಕೆ ಬಣ್ಣ ಬಳಿಯದ್ದು, ನಾಲ್ಕು ಬೆರಳು ಸಲೀಸಾಗಿ ಹೋಗುವಷ್ಟು ಬಾಯಿ ಇರುವಂಥದ್ದು. ಬಾಯಿ ನಿಮ್ಮ ಕಡೆ ಓರೆಯಾಗಿರಲಿ, ಒಳಗೆ ಏನು ನಡೆದಿದೆ ಎಂದು ಕಾಣಬೇಕಲ್ಲ. ಮನೆ ಕಟ್ಟುವಾಗ ಉಳಿದ ಶಹಾಬಾದ್ ಫರಸಿ ತುಂಡುಗಳನ್ನು ಒಳಗಿಡುವ ರೂಢಿ ನಮ್ಮ ಕಡೆ ಇದೆ. ಅದು ಸುಣ್ಣದ ಕಲ್ಲು, ನೀರನ್ನು ನಿಧಾನಕ್ಕೆ ಗಡಸು ಮಾಡುತ್ತದೆ. ಕನ್ವಿಕ್ಟಿಗೆ ತೊಂದರೆಯಿಲ್ಲ, ಏಂಜೆಲ್ ಸಾಕುವವರು ಇಡಬಾರದು.

ಹೊಸ ತೊಟ್ಟಿಗೆ ನೀರು ತುಂಬಿದ ಮರುದಿನವೇ ಮೀನು ಬಿಡಬೇಡಿ. ಮೀನಿನ ಹೇಲಿನಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ; ನೈಟ್ರೇಟ್ ಅಷ್ಟು ಅಪಾಯವಲ್ಲ. ಈ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವೂ ಬೇಕು. ಗೆಳೆಯರ ಹಳೆಯ ತೊಟ್ಟಿಯ ಸ್ಪಂಜೊಂದನ್ನು ತಂದು ಹಾಕಿದರೆ ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಹಿಡಿಯುತ್ತದೆ.

ನೀರು ಬಿಡುವ ದಿನ ಎಚ್ಚರ

ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು. ಎಷ್ಟೋ ಓಣಿಗಳಲ್ಲಿ ಅದು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಬಂದ ದಿನ ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ನನ್ನ ಮೊದಲ ಮರಿಗಳಿಗೆ ಮೂರು ವಾರ ತುಂಬಿದಾಗ, ನೀರು ಬಂದಿದೆ ಎಂಬ ಖುಷಿಯಲ್ಲಿ ಅರ್ಧ ತೊಟ್ಟಿ ಖಾಲಿ ಮಾಡಿ ನಲ್ಲಿಯಿಂದಲೇ ಪೈಪು ಬಿಟ್ಟೆ. ಸಂಜೆಗೆ ಮರಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬೆಳಗಾಗುವಷ್ಟರಲ್ಲಿ ಉಸುಕಿನ ಮೇಲೆ ಶಾವಿಗೆ ಚೂರು ಚೆಲ್ಲಿದಂತೆ ಬಿದ್ದಿದ್ದವು. ತಾಯಿ ಮೀನು ಒಂದೊಂದನ್ನೇ ಬಾಯಲ್ಲಿ ಎತ್ತಿ, ಮರಿಗಳಿಗೆಂದು ಉಸುಕಿನಲ್ಲಿ ತೋಡಿದ್ದ ಗುಂಡಿಗೆ ತಂದು ಹಾಕುತ್ತಿತ್ತು. ಅದನ್ನು ನೋಡಿದ ಮೇಲೆ ಆ ತಪ್ಪು ಮತ್ತೆ ಮಾಡಿಲ್ಲ.

ನೀರನ್ನು ಬಾಯಿ ತೆರೆದ ಬ್ಯಾರೆಲ್ಲಿನಲ್ಲಿ ಏರ್ ಪಂಪ್ ಹಚ್ಚಿ 24 ಗಂಟೆ ಇಡಿ. ಅಷ್ಟು ವ್ಯವಧಾನ ಇಲ್ಲದಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬಾಟಲಿ ಮೇಲೆ ಬರೆದ ಅಳತೆಯಂತೆ ಹಾಕಿ. ಗದಗ ಕಡೆಯ ಬೋರ್ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳಿಕೆ ಕಟ್ಟುತ್ತದಲ್ಲ, ಆ ಗಡಸು ಕನ್ವಿಕ್ಟಿಗೆ ನಡೆಯುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನಷ್ಟೇ ತುಂಬುವುದು ಸರಿಯಲ್ಲ, ಅದರಲ್ಲಿ ಮೀನಿಗೆ ಬೇಕಾದ ಖನಿಜ ತೀರಾ ಕಡಿಮೆ.

ಬಿಸಿ 26-27 ಡಿಗ್ರಿ ಇರಬೇಕು. ಧಾರವಾಡದ ಡಿಸೆಂಬರ್ ಚಳಿಗೆ 100 ವ್ಯಾಟಿನ ಹೀಟರ್ ಬೇಕೇ ಬೇಕು. ನೀರು ತೆಗೆಯುವ ಮುನ್ನ ಅದರ ಸ್ವಿಚ್ ಆರಿಸಿ. ನೀರಿನಿಂದ ಹೊರಗೆ ಉರಿದರೆ ಗಾಜು ಸೀಳುತ್ತದೆ.

ಜೋಡಿ, ತತ್ತಿ

ಒಂದು ಗಂಡು, ಒಂದು ಹೆಣ್ಣು ಎಂದು ಆರಿಸಿ ತಂದು ಕೂಡಿಸಿದರೆ ಹೊಂದಾಣಿಕೆ ಆಗದೆ ಗಂಡು ಹೆಣ್ಣನ್ನು ಕಚ್ಚಿ ಕೊಲ್ಲಬಹುದು. ಆರು ಸಣ್ಣ ಮೀನು ತಂದು ಒಟ್ಟಿಗೆ ಬೆಳೆಸಿ. ಎರಡು ಜೊತೆಯಾಗಿ ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟಲು ಶುರುಮಾಡಿದರೆ ಅದೇ ಜೋಡಿ. ಉಳಿದ ನಾಲ್ಕನ್ನು ಬೇರೆ ಮಾಡಿ. ಗಂಡು ದೊಡ್ಡದು, ರೆಕ್ಕೆಯ ತುದಿ ಚೂಪು. ಹೆಣ್ಣಿನ ಹೊಟ್ಟೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ ಕಾಣುತ್ತದೆ.

ಎರಡೂ ಕುಡಿಕೆಯ ಒಳಗೋಡೆಯನ್ನು ಬಾಯಿಂದ ಉಜ್ಜಿ ಶುಚಿ ಮಾಡುತ್ತಿದ್ದರೆ ಒಂದೆರಡು ದಿನದಲ್ಲಿ ತತ್ತಿ ಖಂಡಿತ. ಬಿಳಿ ಬಿದ್ದ ತತ್ತಿ ಕೆಟ್ಟದ್ದು, ತಾಯಿಯೇ ಆರಿಸಿ ತೆಗೆಯುತ್ತದೆ, ನೀವು ಕೈ ಹಾಕಬೇಡಿ. ಮೊದಲ ಸಲ ಎಲ್ಲವನ್ನೂ ತಿಂದುಬಿಟ್ಟರೂ ಗಾಬರಿ ಬೇಡ, ಕೆಲವೇ ವಾರದಲ್ಲಿ ಮತ್ತೆ ಇಡುತ್ತವೆ. ಸುಮಾರು 3 ದಿನಕ್ಕೆ ತತ್ತಿ ಒಡೆಯುತ್ತದೆ. ಆಗ ಹೊರಬರುವುದು ಬಾಲ ಅಲ್ಲಾಡಿಸುವ ಚುಕ್ಕೆ ಮಾತ್ರ. ಹೊಟ್ಟೆಗಂಟಿದ ಹಳದಿ ಚೀಲವೇ ಅದರ ಬುತ್ತಿ. ತಂದೆತಾಯಿ ಉಸುಕಿನಲ್ಲಿ ಗುಂಡಿ ತೋಡಿ ಅವನ್ನು ಅಲ್ಲಿಗೆ ಸಾಗಿಸುತ್ತವೆ. ಇನ್ನೊಂದು ನಾಲ್ಕೈದು ದಿನಕ್ಕೆ ಬುತ್ತಿ ಮುಗಿದು, ಮರಿಗಳು ಮೋಡದಂತೆ ಗುಂಪಾಗಿ ಮೇಲೇಳುತ್ತವೆ. ಅಲ್ಲಿಯ ತನಕ ಆಹಾರ ಹಾಕಬಾರದು.

ಮರಿಯ ಮೊದಲ ತುತ್ತು

ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಜೀವಿಯ ಒಣ ತತ್ತಿ ಡಬ್ಬಿಯಲ್ಲಿ ಸಿಗುತ್ತದೆ. ಬೇಯಿಸಿದ ಕೋಳಿ ತತ್ತಿಯ ಹಳದಿಯಿಂದಲೂ ಮರಿ ಬದುಕುತ್ತವೆ, ಆದರೆ ಒಂದು ಕಾಳಿನಷ್ಟು ಹೆಚ್ಚಾದರೂ ನೀರು ನಾರುತ್ತದೆ. ಆರ್ಟೀಮಿಯಾಗೆ ಖರ್ಚು ಮಾಡಿ.

ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. 1 ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಕಾಲು ಚಮಚ ತತ್ತಿ, ಗಾಳಿಯ ಪೈಪು ತಳಮುಟ್ಟ. ಬೆಳಕು ಬೀಳುವಲ್ಲಿ 26-28 ಡಿಗ್ರಿಯಲ್ಲಿಟ್ಟರೆ ಒಂದು ದಿನದಲ್ಲಿ ಒಡೆಯುತ್ತವೆ. ಚಳಿಗಾಲದಲ್ಲಿ ಬಾಟಲಿಯ ಪಕ್ಕ 40 ವ್ಯಾಟಿನ ಹಳೇ ಬಲ್ಬು ಹಚ್ಚಿಡಿ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಜೀವಿಗಳು ಕೆಳಗೆ ಕೂಡುತ್ತವೆ. ಅವನ್ನಷ್ಟೇ ಪೈಪಿನಿಂದ ಇಳಿಸಿ, ಸಣ್ಣ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಹಾಕಿದ ಹತ್ತು ನಿಮಿಷಕ್ಕೆ ಟಾರ್ಚ್ ಬಿಟ್ಟು ನೋಡಿ. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಊಟ ಆಗಿದೆ.

ತಂದೆತಾಯಿಯನ್ನು ಬೇರೆ ಮಾಡಬೇಡಿ. ತಾಯಿ ಉಸುಕಿನ ಮೇಲೆ ಕೂತು ರೆಕ್ಕೆ ಬಡಿದು ಕಸ ಎಬ್ಬಿಸುತ್ತದೆ, ಎದ್ದ ಚೂರುಗಳನ್ನು ಮರಿಗಳು ಹೆಕ್ಕುತ್ತವೆ. ಕತ್ತಲಾಗುತ್ತಿದ್ದಂತೆ ದಾರಿ ತಪ್ಪಿದ ಮರಿಯನ್ನು ಬಾಯಲ್ಲಿ ತುಂಬಿಕೊಂಡು ಬಂದು ಗುಂಡಿಗೆ ಉಗುಳುತ್ತದೆ. ಇದನ್ನು ನೋಡಲಿಕ್ಕೆಂದೇ ಸಂಜೆ ನಮ್ಮ ಮನೆಯಲ್ಲಿ ದೊಡ್ಡ ಲೈಟನ್ನು ತಟ್ಟನೆ ಆರಿಸುವುದಿಲ್ಲ, ಮೊದಲು ತೊಟ್ಟಿಯದು, ಅರ್ಧ ಗಂಟೆ ಬಿಟ್ಟು ಕೋಣೆಯದು.

ದಿನಾ 10 ಲೀಟರ್ ನೀರು ಬದಲಿಸಿ. ತೆಗೆಯಲು ಏರ್ ಪಂಪಿನ ಸಣ್ಣ ಪೈಪು ಸಾಕು, ಬಿಳಿ ಬಕೆಟ್ಟಿಗೆ ಇಳಿಸಿದರೆ ಜಾರಿ ಬಂದ ಮರಿ ಕಾಣುತ್ತದೆ, ವಾಪಸ್ ಬಿಡಬಹುದು. ಹೊಸ ನೀರು ಅಷ್ಟೇ ಬೆಚ್ಚಗಿರಲಿ, ಸಣ್ಣ ಧಾರೆಯಲ್ಲಿ ಬೀಳಲಿ. ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಕೈಗೆ ಸಿಗುವಂತಿರಲಿ.

ಒಂದು ತಿಂಗಳಿಗೆ ಮರಿಗಳ ಮೈಮೇಲೆ ಪಟ್ಟೆ ಚೆನ್ನಾಗಿ ಮೂಡಿರುತ್ತದೆ, ಪುಡಿ ಆಹಾರವನ್ನೂ ತಿನ್ನುತ್ತವೆ. ಜೋಡಿ ಮತ್ತೆ ಕುಡಿಕೆ ಉಜ್ಜತೊಡಗಿದರೆ ಮರಿಗಳನ್ನು ಬೇರೆ ತೊಟ್ಟಿಗೆ ಸಾಗಿಸಿ, ಇಲ್ಲದಿದ್ದರೆ ತಂದೆತಾಯಿಯೇ ಅಟ್ಟಿ ಕೊಲ್ಲುತ್ತವೆ. ಹೆಚ್ಚಾದ ಮರಿಗಳನ್ನು ಉಣಕಲ್ ಕೆರೆಗೋ, ಕೆಲಗೇರಿಗೋ, ಹಾವೇರಿಯ ಹೆಗ್ಗೇರಿಗೋ ದಯವಿಟ್ಟು ಬಿಡಬೇಡಿ. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಅದು ಕೆರೆಕೆರೆಗೆ ಹಬ್ಬಿ ಊರ ಮೀನುಗಳ ಜಾಗ ಕಿತ್ತುಕೊಂಡಿದೆ. ಸಾಕುವವರು ಸಿಗದಿದ್ದರೆ ಕುಡಿಕೆ ತೆಗೆದು, ಜೋಡಿಯ ನಡುವೆ ಗಾಜಿನ ತಡೆ ಹಾಕಿ.

ಕೊಡುವಾಗ ಮರಿ ಒಂದು ಇಂಚಾದರೂ ಆಗಿರಲಿ. ಹಿಂದಿನ ದಿನ ಆಹಾರ ಹಾಕಬೇಡಿ. ಕವರಿಗೆ ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಗಾಳಿ. ಪಕ್ಕದ ಮನೆಯ ಹುಡುಗಿಗೆ ಆರು ಮರಿ ಕೊಟ್ಟೆ, ಜೊತೆಗೊಂದು ಕುಡಿಕೆ. "ನೀರು ಹಿಡಿದು ಒಂದು ದಿನ ಇಟ್ಟೇ ಹಾಕ್ತೀನ್ರಿ ಕಾಕಾ" ಎಂದು ನಾನು ಹೇಳುವ ಮೊದಲೇ ಹೇಳಿ, ಕವರನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.